ಕಪ್ಪು ಪರದೆಯ ಮೇಲಿನ ಕೆಂಪು ಚುಕ್ಕೆ: ಹೊಸ ಕ್ಯಾಮೆರಾದ ಹಾಟ್ ಪಿಕ್ಸೆಲ್ ಮನೆಯಲ್ಲೇ ತೆಗೆದ ನನ್ನ ಅನುಭವ

ಹಾಟ್ ಪಿಕ್ಸೆಲ್ ಎಂದರೆ ಕ್ಯಾಮೆರಾದ ಸೆನ್ಸರ್‌ನಲ್ಲಿ, ಅಂದರೆ ಬೆಳಕು ಹಿಡಿಯುವ ಚಿಪ್‌ನಲ್ಲಿ, ಕೆಟ್ಟುಹೋಗಿ ಕತ್ತಲೆಯಲ್ಲೂ ಹೊಳೆಯುವ ಚುಕ್ಕೆ. ಸರ್ವಿಸ್‌ಗೆ ಕೊಡದೆ, ಒಂದು ರೂಪಾಯಿ ಖರ್ಚಿಲ್ಲದೆ, ಕ್ಯಾಮೆರಾದ ಕ್ಲೀನಿಂಗ್ ಮೆನುವಿನಿಂದಲೇ ಅದು ಹೋಯಿತು ಎಂದಾಗ ನಮ್ಮ ಕಡೆಯ ವಿಡಿಯೋದವರು ಯಾರೂ ನಂಬಲಿಲ್ಲ. "ಅದು ಸೆನ್ಸರ್ ಕ್ಲೀನ್ ಮಾಡುವ ಮೆನು ಮಾರಾಯ್ರೆ. ಧೂಳು ಹೋಗಬಹುದು, ಪಿಕ್ಸೆಲ್ ಹೇಗೆ ಹೋಗ್ತದೆ?" ಎಂದರು. ಹಾಗೆ ಹೇಳಿದವರಲ್ಲಿ ಮೂರು ಜನ ಈಗ ನನ್ನ ಮನೆಗೇ ಕ್ಯಾಮೆರಾ ತಂದು ಮಾಡಿಸಿಕೊಂಡು ಹೋಗಿದ್ದಾರೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ನನ್ನ ಕೆಲಸ ಹೆಚ್ಚಾಗಿ ಯಕ್ಷಗಾನದ್ದು. ಕುಂದಾಪುರದ ಸುತ್ತಮುತ್ತ ಹರಕೆ ಆಟ (ಹರಕೆ ತೀರಿಸಲು ಯಕ್ಷಗಾನ) ಆಡಿಸುವವರು ಇಡೀ ರಾತ್ರಿಯ ವಿಡಿಯೋ ಮಾಡಿಸುತ್ತಾರೆ. ಮೇಳ, ಅಂದರೆ ಯಕ್ಷಗಾನದ ತಂಡ, ತಿರುಗಾಟಕ್ಕೆ ಹೊರಟರೆ ಮೇ ತಿಂಗಳವರೆಗೆ ನನಗೂ ಬಿಡುವಿಲ್ಲ. ಕಳೆದ ತಿರುಗಾಟ ಶುರುವಾಗುವ ಮೊದಲು ಹೊಸ ಮಿರರ್‌ಲೆಸ್ ಕ್ಯಾಮೆರಾ ತೆಗೆದುಕೊಂಡೆ. 24 ಮೆಗಾಪಿಕ್ಸೆಲ್, ಲೆನ್ಸ್ ಸೇರಿ ಸುಮಾರು 1,30,000 ರೂಪಾಯಿ. ಅರ್ಧ ಸಾಲ.

ಮೂರನೇ ಆಟದ ವಿಡಿಯೋ ಕೊಟ್ಟ ಮೇಲೆ ಆ ಮನೆಯ ಯಜಮಾನರು ಫೋನ್ ಮಾಡಿ ಕರೆಸಿದರು. ದೊಡ್ಡ ಟಿವಿಯಲ್ಲಿ ಹಾಕಿ ತೋರಿಸಿದರು. ಭಾಗವತರ ಮುಂಡಾಸಿನಿಂದ ಒಂದು ಗೇಣು ಮೇಲೆ, ಕಪ್ಪು ಪರದೆಯಲ್ಲಿ ಒಂದು ಕೆಂಪು ಚುಕ್ಕೆ. ಕ್ಯಾಮೆರಾ ಆಚೀಚೆ ತಿರುಗಿದರೂ ಅದು ಮಾತ್ರ ಟಿವಿಯ ಅದೇ ಜಾಗದಲ್ಲಿ ಇರುತ್ತದೆ. ಸ್ತ್ರೀವೇಷದ ಕ್ಲೋಸಪ್ ಬಂದಾಗ ಚುಕ್ಕೆ ಸೀದಾ ಕೆನ್ನೆಯ ಮೇಲೆ ಕೂತಿತ್ತು. ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಬೇರೇನೂ ಕಾಣುವುದಿಲ್ಲ. 15,000ದಲ್ಲಿ 4,000 ಹಿಡಿದುಕೊಂಡೇ ಕೊಟ್ಟರು. ನನಗೂ ವಾದ ಮಾಡುವ ಮನಸ್ಸಾಗಲಿಲ್ಲ.

ಫೋಟೋದವರಿಗೆ ಈ ತಲೆನೋವು ಕಡಿಮೆ. ರಾ ಫೈಲನ್ನು (ಕ್ಯಾಮೆರಾದ ಮೂಲ ಫೋಟೋ ಫೈಲ್) ಲೈಟ್‌ರೂಮ್ ಎನ್ನುವ ಫೋಟೋ ತಿದ್ದುವ ಸಾಫ್ಟ್‌ವೇರ್‌ಗೆ ಹಾಕಿದರೆ ಇಂಥ ಚುಕ್ಕೆಗಳಲ್ಲಿ ಹೆಚ್ಚಿನವು ತಾವಾಗಿಯೇ ಹೋಗುತ್ತವೆ. ವಿಡಿಯೋದಲ್ಲಿ ಹಾಗಲ್ಲ. ಒಂದು ಪಿಕ್ಸೆಲ್ ಕೆಟ್ಟರೆ ಅಕ್ಕಪಕ್ಕದ ನಾಲ್ಕಕ್ಕೂ ಬಣ್ಣ ಹರಡಿ ಸಣ್ಣ ಕೂಡಿಸುವ ಗುರುತಿನ ಹಾಗೆ ಕಾಣುತ್ತದೆ. ಶಟರ್ ಹೆಚ್ಚು ಹೊತ್ತು ತೆರೆದಿಟ್ಟು ತೆಗೆಯುವ ಫೋಟೋಗಳ ಚುಕ್ಕೆ ಕಳೆಯುವ ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆನ್ ಮಾಡಿ ಎಂದು ಸಲಹೆ ಕೊಟ್ಟವರಿದ್ದಾರೆ. ಸೆಕೆಂಡಿಗೆ 25 ಫ್ರೇಮ್, 1/50 ಶಟರ್‌ನಲ್ಲಿ ನಡೆಯುವ ಕೆಲಸಕ್ಕೆ ಅದರಿಂದ ಏನು ಉಪಯೋಗ?

ಮನೆಗೆ ಬಂದು ಲೆನ್ಸ್‌ಗೆ ಕ್ಯಾಪ್ ಹಾಕಿ ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 3200, 1/50 ಶಟರ್‌ನಲ್ಲಿ ಡಾರ್ಕ್ ಫ್ರೇಮ್, ಅಂದರೆ ಪೂರ್ತಿ ಕತ್ತಲೆಯ ಫೋಟೋ, ತೆಗೆದು ಎಣಿಸಿದೆ. ಆಗಷ್ಟೇ ಆನ್ ಮಾಡಿದ ಕ್ಯಾಮೆರಾದಲ್ಲಿ ಎರಡೇ ಚುಕ್ಕೆ. ಒಂದು ಗಂಟೆ ರೆಕಾರ್ಡ್ ಮಾಡಿ ಬಿಸಿಯಾದ ಮೇಲೆ ಹನ್ನೊಂದು! ಅಂಗಡಿಯಲ್ಲಿ ನೋಡಿದಾಗ ಯಾಕೆ ಕಾಣಲಿಲ್ಲ ಎನ್ನುವುದು ಆಗ ಗೊತ್ತಾಯಿತು. ಹೊಸ ಕ್ಯಾಮೆರಾ ತೆಗೆದುಕೊಳ್ಳುವವರು ದಯವಿಟ್ಟು ಬಿಸಿ ಮಾಡಿಯೇ ನೋಡಿ.

ವಾರಂಟಿ ಇದೆಯಲ್ಲ ಎಂದು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋದೆ. ಬಸ್ಸು, ಊಟ, ಲಾಡ್ಜ್ ಎಲ್ಲ ಸೇರಿ 3,500 ಹತ್ತಿರ ಖರ್ಚು. ಸರ್ವಿಸ್ ಕೌಂಟರ್‌ನಲ್ಲಿದ್ದವರು "2 ಕೋಟಿ 40 ಲಕ್ಷ ಪಿಕ್ಸೆಲ್‌ನಲ್ಲಿ ಹನ್ನೊಂದು ಲೆಕ್ಕಕ್ಕೇ ಇಲ್ಲ ಸರ್" ಎಂದರು. ಒತ್ತಾಯ ಮಾಡಿದ ಮೇಲೆ, ಬೇಕಾದರೆ 15 ದಿನ ಬಿಟ್ಟುಹೋಗಿ ಎಂದರು. ಆ 15 ದಿನದಲ್ಲಿ ನನಗೆ ಆರು ಆಟ ಒಪ್ಪಿಗೆಯಾಗಿತ್ತು. ವಾಪಸ್ ತಂದೆ.

ಆಮೇಲೆ ಎಡಿಟಿಂಗ್‌ನಲ್ಲಿ ಮುಚ್ಚುವ ಕೆಲಸ. ಅದೇ ವಿಡಿಯೋವನ್ನು ಮೇಲಿನ ಟ್ರ್ಯಾಕ್‌ಗೆ ಹಾಕಿ, ನಾಲ್ಕಾರು ಪಿಕ್ಸೆಲ್ ಪಕ್ಕಕ್ಕೆ ಸರಿಸಿ, ಚುಕ್ಕೆಯ ಮೇಲೆ ಮಾತ್ರ ಕಾಣುವ ಹಾಗೆ ಮಾಸ್ಕ್ ಮಾಡಿದೆ. ಚೆನ್ನಾಗಿಯೇ ಕೂತಿತು. ಆದರೆ ಹನ್ನೊಂದು ಚುಕ್ಕೆಗೆ ಹನ್ನೊಂದು ಮಾಸ್ಕ್. ಆರು ಗಂಟೆಯ ಆಟ ರೆಂಡರ್ ಆಗಲು ನನ್ನ ಕಂಪ್ಯೂಟರ್‌ನಲ್ಲಿ 14 ಗಂಟೆ ಹಿಡಿಯಿತು. ನಡುವೆ ಒಮ್ಮೆ ಕರೆಂಟ್ ಹೋಗಿ ಮತ್ತೆ ಮೊದಲಿಂದ.

ತಣ್ಣಗಿದ್ದರೆ ಚುಕ್ಕೆ ಕಡಿಮೆ ಅಲ್ವಾ, ಹಾಗಾಗಿ ಫ್ರಿಜ್ ಪ್ರಯೋಗವನ್ನೂ ಮಾಡಿದೆ. ಜಿಪ್ ಕವರ್‌ನಲ್ಲಿ ಸಿಲಿಕಾ ಜೆಲ್ ಜೊತೆ ಕ್ಯಾಮೆರಾ ಇಟ್ಟೆ. 30 ಸೆಕೆಂಡ್ ಡಾರ್ಕ್ ಫ್ರೇಮ್‌ನಲ್ಲಿ ಮಧ್ಯಾಹ್ನದ ಸೆಕೆಯಲ್ಲಿ 400ರ ಹತ್ತಿರ ಇದ್ದದ್ದು ಫ್ರಿಜ್‌ನಿಂದ ತೆಗೆದಾಗ 30, 40ಕ್ಕೆ ಇಳಿದಿತ್ತು. ಲೆಕ್ಕವೇನೋ ಸರಿ ಬಂತು. ಆದರೆ ಕವರ್ ಬೇಗ ಬಿಚ್ಚಿದೆ. ನಮ್ಮ ಕರಾವಳಿಯ ಗಾಳಿ ಗೊತ್ತಲ್ಲ, ವ್ಯೂಫೈಂಡರ್ ಒಳಗೆ ಮಂಜು ಕಟ್ಟಿತು. ಎರಡು ದಿನ ಡ್ರೈ ಬಾಕ್ಸ್‌ನಲ್ಲಿಟ್ಟ ಮೇಲೆ ಹೋಯಿತು. ನೀವು ಮಾಡಲೇಬೇಡಿ.

ಒಲಿಂಪಸ್, ಫ್ಯೂಜಿ ಬಳಸುವವರಿಗೆ ಮೆನುವಿನಲ್ಲೇ ಪಿಕ್ಸೆಲ್ ಮ್ಯಾಪಿಂಗ್, ಅಂದರೆ ಕೆಟ್ಟ ಪಿಕ್ಸೆಲ್ ಹುಡುಕಿ ಮುಚ್ಚುವ ಆಯ್ಕೆ, ಇರುತ್ತದೆ. ಪ್ಯಾನಸೋನಿಕ್‌ನಲ್ಲಿ ಪಿಕ್ಸೆಲ್ ರಿಫ್ರೆಶ್ ಎಂದಿದೆ. ಒತ್ತಿದರೆ ಮುಗಿಯಿತು. ನನ್ನದರಲ್ಲಿ ಆ ಹೆಸರಿನ ಮೆನು ಇಲ್ಲ. ಕೈಯಿಂದ ಸೆನ್ಸರ್ ಒರೆಸಲು ಇರುವ ಮ್ಯಾನ್ಯುವಲ್ ಕ್ಲೀನಿಂಗ್ ಇದೆ. ಅದನ್ನು ಆನ್ ಮಾಡಿ ಸುಮ್ನೆ ಬಿಟ್ಟರೆ ಕ್ಯಾಮೆರಾ ಒಳಗೊಳಗೇ ಮ್ಯಾಪಿಂಗ್ ಮಾಡಿಕೊಳ್ಳುತ್ತದೆ ಎಂದು ಹಳೇ ಡಿಎಸ್‌ಎಲ್‌ಆರ್ ಕಾಲದಿಂದ ಕೆಲವರು ಹೇಳುತ್ತಿದ್ದರು.

ಮೊದಲ ಸಲ ಏನೂ ಆಗಲಿಲ್ಲ. ಲೆನ್ಸ್ ಹಾಕಿಯೇ ಮಾಡಿದ್ದೆ, ಹತ್ತು ಸೆಕೆಂಡಿಗೇ ಆಫ್ ಮಾಡಿದ್ದೆ. ಎರಡನೇ ಸಲ ಬ್ಯಾಟರಿ ಕಡಿಮೆ ಇತ್ತು, ಮೆನುವೇ ತೆರೆಯಲಿಲ್ಲ. ಮೂರನೇ ಸಲ ಲೆನ್ಸ್ ತೆಗೆದು ಬಾಡಿ ಕ್ಯಾಪ್ ಗಟ್ಟಿಯಾಗಿ ಹಾಕಿ, ಮೇಲಿಂದ ಕಪ್ಪು ಬಟ್ಟೆ ಸುತ್ತಿ, ಫುಲ್ ಚಾರ್ಜ್‌ನಲ್ಲಿ ಒಂದು ನಿಮಿಷ ಬಿಟ್ಟೆ. ಹನ್ನೊಂದರಲ್ಲಿ ಎರಡು ಹೋದವು. ತಣ್ಣಗಿದ್ದಾಗ ಕಾಣುತ್ತಿದ್ದ ಅದೇ ಎರಡು!

ಅಲ್ಲಿ ನನಗೆ ಹೊಳೆಯಿತು. ತಣ್ಣಗಿರುವ ಸೆನ್ಸರ್‌ನಲ್ಲಿ ಉಳಿದ ಒಂಬತ್ತು ಸದ್ದಿಲ್ಲದೆ ಅಡಗಿವೆ. ಕಾಣದ ಕಳ್ಳನನ್ನು ಕ್ಯಾಮೆರಾ ಹಿಡಿಯುವುದು ಹೇಗೆ? ಹಾಗಾಗಿ ಮೊದಲು 4ಕೆ ರೆಕಾರ್ಡಿಂಗ್ ಹಾಕಿ ಬಾಡಿ ಚೆನ್ನಾಗಿ ಬಿಸಿಯಾಗಲು ಬಿಟ್ಟೆ. ನಿಲ್ಲಿಸಿದ ತಕ್ಷಣ ಬ್ಯಾಟರಿ ಬದಲಿಸಿ, ಕ್ಲೀನಿಂಗ್ ಮೆನು ಹಾಕಿ, ನಿಮಿಷ ಕಳೆದು ಆಫ್ ಮಾಡಿದೆ. ಮತ್ತೆ ಆನ್ ಮಾಡಿ ತೆಗೆದ ಡಾರ್ಕ್ ಫ್ರೇಮ್‌ನಲ್ಲಿ ಮೂರು ಚುಕ್ಕೆ. ಇನ್ನೊಮ್ಮೆ ಮಾಡಿದೆ. ಒಂದು. ಆ ಒಂದನ್ನು ತೆಗೆಯಲು ಒಂದು ವಾರ ಹಿಡಿಯಿತು. ಎಷ್ಟು ಹೊತ್ತು ಬಿಸಿ ಮಾಡುತ್ತೇನೆ, ಎರಡು ಸುತ್ತಿನ ನಡುವೆ ಏನು ಮಾಡುತ್ತೇನೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನಾನು ಕಷ್ಟಪಟ್ಟು ಕಂಡುಕೊಂಡದ್ದು.

ಕೆಟ್ಟ ಪಿಕ್ಸೆಲ್ ಇದರಿಂದ ರಿಪೇರಿ ಆಗುವುದಿಲ್ಲ, ನೆನಪಿರಲಿ. ಕ್ಯಾಮೆರಾ ಅದರ ಜಾಗ ಗುರುತು ಹಾಕಿಕೊಂಡು ನೆರೆಯ ಪಿಕ್ಸೆಲ್‌ಗಳಿಂದ ಬಣ್ಣ ತುಂಬುತ್ತದೆ. ಪೂರ್ತಿ ಸತ್ತ, ಕಪ್ಪಗಿನ ಪಿಕ್ಸೆಲ್‌ಗೆ ನನ್ನ ವಿಧಾನ ನಡೆಯಲಿಲ್ಲ. ಬೈಂದೂರಿನ ಗೆಳೆಯರೊಬ್ಬರ ಕ್ಯಾಮೆರಾದಲ್ಲಿ ಬಿಳಿ ಗೋಡೆ ತೆಗೆದರೆ ಒಂದು ಕಪ್ಪು ಚುಕ್ಕೆ ಕಾಣುತ್ತಿತ್ತು. ನಾಲ್ಕು ಸಲ ಮಾಡಿದೆ, ಹೋಗಲಿಲ್ಲ. ಕ್ಯಾಪ್ ಹಾಕಿದ ಕತ್ತಲೆಯಲ್ಲಿ ಎಲ್ಲವೂ ಕಪ್ಪೇ, ಅದನ್ನು ಗುರುತಿಸುವುದು ಎಲ್ಲಿಂದ? ಅವರದ್ದು ಸರ್ವಿಸ್‌ನಲ್ಲೇ ಸರಿಯಾಯಿತು. ನನ್ನ ಎಂಟು ವರ್ಷದ ಹಳೇ ಡಿಎಸ್‌ಎಲ್‌ಆರ್‌ಗೂ ಮಾಡಿ ನೋಡಿದೆ. ಸುಮಾರು 40 ಇದ್ದದ್ದು ಐದಕ್ಕೆ ಬಂತು. ಈಗ ಅದು ಚೌಕಿಯಲ್ಲಿ (ವೇಷ ಕಟ್ಟುವ ಕೋಣೆ) ಬಣ್ಣ ಹಚ್ಚುವುದನ್ನು ತೆಗೆಯಲು ಮತ್ತೆ ಕೆಲಸಕ್ಕೆ ಬಂದಿದೆ.

ಹೊಸ ಚುಕ್ಕೆ ಹುಟ್ಟುತ್ತಲೇ ಇರುತ್ತದೆ. ತಿಂಗಳಿಗೊಮ್ಮೆ ಮಾಡುತ್ತೇನೆ, ಅರ್ಧ ಗಂಟೆಯ ಕೆಲಸ. ಈ ವರ್ಷ ಅದೇ ಯಜಮಾನರ ಮನೆಯ ಹರಕೆ ಆಟವನ್ನು ನಾನೇ ತೆಗೆದೆ. ವಿಡಿಯೋ ಕೊಟ್ಟು ಅವರ ಜೊತೆಯೇ ಕೂತು ಬೆಳಗಿನ ಜಾವದ ಭಾಗ ನೋಡಿದೆ, ಕ್ಯಾಮೆರಾ ಜಾಸ್ತಿ ಬಿಸಿಯಾಗಿರುವುದು ಆ ಹೊತ್ತಿಗೇ. ಅವರು ಟಿವಿ ಹತ್ತಿರ ಹೋಗಿ ಮುಂಡಾಸಿನ ಮೇಲಿನ ಜಾಗಕ್ಕೆ ಬೆರಳಿಟ್ಟು ನೋಡಿದರು. ಪರದೆ ಕಪ್ಪಗೇ ಇತ್ತು. ಒಳಗೆ ಹೋಗಿ 15,000 ತಂದುಕೊಟ್ಟರು.