ದೊಡ್ಡ ವಿಮಾನದಲ್ಲಿ ಸೀಟು ಹಿಡಿಯುವುದು: ನನ್ನ ಅನುಭವ

ಮಂಗಳೂರು ವಿಮಾನ ನಿಲ್ದಾಣವಿರುವ ಬಜಪೆಯ ರನ್‌ವೇ 2,450 ಮೀಟರ್ ಉದ್ದ, ಅದೂ ಗುಡ್ಡದ ತಲೆಯ ಮೇಲೆ. ಇಲ್ಲಿಂದ ಹಾರುವುದು 737, ಎ320ರಂಥ ಒಂದೇ ಐಲ್‌ನ (ಸೀಟುಗಳ ನಡುವಿನ ಓಡಾಟದ ದಾರಿಯ) ವಿಮಾನಗಳು. ಎರಡು ಐಲ್‌ಗಳ ದೊಡ್ಡ ವಿಮಾನ ನಮಗೆ ಸಿಗುವುದು ಬೆಂಗಳೂರು, ಮುಂಬೈ, ದುಬೈ, ಅಬುಧಾಬಿಗಳಲ್ಲಿ. ಉಡುಪಿ, ಮಂಗಳೂರಿನವರು ಟಿಕೆಟ್ ಮಾಡಿಸುವಾಗ ರೇಟು, ಲಗೇಜು, ನಡುವೆ ಎಷ್ಟು ಹೊತ್ತು ಕಾಯಬೇಕು ಎಂದು ಕೇಳುತ್ತಾರೆ. ಯಾವ ವಿಮಾನ ಎಂದು ಕೇಳುವವರು ಕಡಿಮೆ. ನಾನು ಮೊದಲು ನೋಡುವುದೇ ಅದನ್ನು. ಹದಿನಾಲ್ಕು ಗಂಟೆ ಕೂರುವ ಮೈಗೆ ಕಂಪನಿಯ ಹೆಸರಿಗಿಂತ ವಿಮಾನದ ಮಾದರಿಯೇ ಹೆಚ್ಚು ತಟ್ಟುತ್ತದೆ.

ಬುಕಿಂಗ್ ಪುಟದಲ್ಲಿ ಫ್ಲೈಟ್ ನಂಬರಿನ ವಿವರ ತೆರೆದರೆ ಮೂರಕ್ಷರದ ಕೋಡ್ ಇರುತ್ತದೆ. 77ಡಬ್ಲ್ಯು ಎಂದರೆ ಬೋಯಿಂಗ್ 777-300ಇಆರ್, 388 ಎಂದರೆ ಏರ್‌ಬಸ್ ಎ380, 788 ಮತ್ತು 789 ಬೋಯಿಂಗ್ 787, 359 ಮತ್ತು 351 ಏರ್‌ಬಸ್ ಎ350.

ಇಕಾನಮಿಯಲ್ಲಿ ಲೆಕ್ಕ ಹೀಗೆ. 777ರ ಒಳಗಿನ ಅಗಲ ಸುಮಾರು 587 ಸೆಂಟಿಮೀಟರ್. ಎರಡು ಐಲ್‌ಗಳಿಗೆ ಅಂದಾಜು 90 ತೆಗೆಯಿರಿ, ಉಳಿದದ್ದನ್ನು 3-4-3ರ, ಅಂದರೆ ಬದಿಗಳಲ್ಲಿ ಮೂರು ಮೂರು, ನಡುವೆ ನಾಲ್ಕು, ಹೀಗೆ ಹತ್ತು ಸೀಟಿಗೆ ಹಂಚಿ: ಕೈಯಾನಿಕೆಯೂ ಸೇರಿ ತಲೆಗೆ 50 ಸೆಂಟಿಮೀಟರ್‌ಗೂ ಒಂದೆಳೆ ಕಡಿಮೆ. 787ರಲ್ಲಿ 549 ಸೆಂಟಿಮೀಟರ್, ಒಂಬತ್ತು ಸೀಟು: ತಲೆಗೆ 51. ಎ350ಯಲ್ಲಿ 561, ಅಲ್ಲೂ ಒಂಬತ್ತೇ: 52ಕ್ಕಿಂತ ಸ್ವಲ್ಪ ಮೇಲೆ. 777ಕ್ಕೂ ಎ350ಗೂ ಇರುವ ವ್ಯತ್ಯಾಸ ಒಂದು ಇಂಚು. ಕಾಗದದ ಮೇಲೆ ಏನೂ ಅಲ್ಲ ಅನ್ನಿಸಬಹುದು, ಆದರೆ ಪಕ್ಕದವರ ಭುಜ ನಿದ್ದೆಯಲ್ಲಿ ನಿಮ್ಮ ಭುಜಕ್ಕೆ ಒರಗುವುದೋ ಇಲ್ಲವೋ ಎಂಬುದು ಆ ಒಂದು ಇಂಚಿನಲ್ಲೇ ಉಂಟು. 777 1995ರಲ್ಲಿ ಬಂದಾಗ ಸಾಲಿಗೆ ಒಂಬತ್ತೇ ಸೀಟು ಹಾಕುತ್ತಿದ್ದರು, ಆಗ ಅದು ವಿಶಾಲವೇ ಆಗಿತ್ತು. ಹತ್ತನೆಯದನ್ನು ತುರುಕಿದ್ದು ಆಮೇಲೆ. ಎ380ಯ ಕೆಳ ಅಂತಸ್ತಿನಲ್ಲೂ ಹತ್ತು ಸೀಟೇ, ಆದರೆ ಮೈ ದೊಡ್ಡದಾದ್ದರಿಂದ ಇಕ್ಕಟ್ಟಿಲ್ಲ. ಸದ್ದೂ ಕಡಿಮೆ, ಗಾಳಿ ಕಲಕಿದಾಗ ಕುಲುಕಾಟವೂ ಕಡಿಮೆ. 2022ರ ಅಕ್ಟೋಬರ್‌ನಲ್ಲಿ ಎಮಿರೇಟ್ಸ್ ಇದನ್ನು ಬೆಂಗಳೂರಿಗೂ ತಂದಿತು. ತಯಾರಿ 2021ರಲ್ಲೇ ನಿಂತಿದೆ, ಆದ್ದರಿಂದ ಸಿಗುವಷ್ಟು ದಿನ ನಾನು ಇದನ್ನು ಬಿಡುವುದಿಲ್ಲ.

ಗಾಳಿಯ ವಿಷಯ ಬೇರೆ. ಅಲ್ಯೂಮಿನಿಯಂ ಮೈಯ ಹಳೆಯ ಮಾದರಿಗಳಲ್ಲಿ ಕ್ಯಾಬಿನ್ ಒತ್ತಡವನ್ನು 8,000 ಅಡಿ ಎತ್ತರಕ್ಕೆ ಸಮನಾಗುವವರೆಗೂ ಇಳಿಸಬಹುದು. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಗಿಂತಲೂ ಅದು ಐನೂರು ಮೀಟರ್ ಮೇಲೆ. 787, ಎ350ಗಳ ಮೈಯಲ್ಲಿ ಅರ್ಧದಷ್ಟು ಕಾರ್ಬನ್ ನಾರಿನ ವಸ್ತು; ಅದು ಹೆಚ್ಚಿನ ಒತ್ತಡ ತಡೆಯುತ್ತದೆ, ತುಕ್ಕಿನ ಭಯವಿಲ್ಲದ್ದರಿಂದ ತೇವವನ್ನೂ ಸ್ವಲ್ಪ ಹೆಚ್ಚು ಇಡಬಹುದು. ಅಲ್ಲಿ ಮಿತಿ 6,000 ಅಡಿ, ಅಂದರೆ ಕುದುರೆಮುಖದ ತುದಿಗಿಂತ ತುಸು ಕೆಳಗೆ. ಇಳಿದ ಮೇಲೆ ತಲೆ ಭಾರವಾಗುವವರಿಗೆ ಇದರ ವ್ಯತ್ಯಾಸ ಗೊತ್ತಾಗುತ್ತದೆ. ಹಾಗೆಂದು ತೇವ ಬಹಳ ಇರುತ್ತದೆ ಎಂದಲ್ಲ. ಕರಾವಳಿಯ ಮೈಗೆ ಯಾವ ವಿಮಾನವೂ ಒಣಭೂಮಿಯೇ. ಚಿಕ್ಕ ಬಾಟಲಿಯಲ್ಲಿ ತೆಂಗಿನೆಣ್ಣೆ ಇಟ್ಟುಕೊಂಡು ಮೂಗಿನ ಹೊಳ್ಳೆಯ ಅಂಚಿಗೂ ತುಟಿಗೂ ಎರಡು ಗಂಟೆಗೊಮ್ಮೆ ಸವರುತ್ತೇನೆ, ಖಾಲಿ ನೀರಿನ ಬಾಟಲಿ ಒಯ್ದು ಸೆಕ್ಯೂರಿಟಿ ದಾಟಿದ ಮೇಲೆ ತುಂಬಿಸುತ್ತೇನೆ. 787ರ ಕಿಟಕಿಗೆ ಎಳೆಯುವ ಪರದೆ ಇಲ್ಲ, ಗುಂಡಿ ಒತ್ತಿದರೆ ಗಾಜು ನೀಲಿಯಾಗುತ್ತದೆ ಅಷ್ಟೆ. ಸೂರ್ಯ ಆ ಬದಿಗಿದ್ದರೆ ಬೆಳಕು ಕಣ್ಣಿಗೆ ಹೊಡೆಯುತ್ತಲೇ ಇರುತ್ತದೆ. ಕಣ್ಣುಪಟ್ಟಿ ಬೇಕೇ ಬೇಕು.

ಇನ್ನು ಅಕ್ಷರ. 3-4-3ರಲ್ಲಿ ಎಬಿಸಿ, ಡಿಇಎಫ್‌ಜಿ, ಎಚ್‌ಜೆಕೆ. ಐಲ್ ಬೇಕೆಂದು ಸಿ ಅಥವಾ ಎಚ್ ಹಿಡಿದರೆ ಒಳಗಿನ ಇಬ್ಬರೂ ನಿಮ್ಮನ್ನು ಎಬ್ಬಿಸಿಯೇ ಹೋಗಬೇಕು. ಡಿ ಅಥವಾ ಜಿ ಹಿಡಿದರೆ ಎಬ್ಬಿಸುವವರು ಒಬ್ಬರೇ, ಇನ್ನೊಬ್ಬರಿಗೆ ಆಚೆ ದಾರಿ ಉಂಟು. ಮಂಡಿನೋವಿನವರು ಇನ್ನೂ ಒಂದು ನೋಡಬೇಕು: ಜಿಯ ಬಲಕ್ಕೆ ಐಲ್, ಡಿಯ ಎಡಕ್ಕೆ ಐಲ್. ಬಲಮಂಡಿ ನೋಯುವವರು ಜಿ, ಎಡಮಂಡಿಯವರು ಡಿ ಹಿಡಿದರೆ ಆ ಕಾಲನ್ನು ಚಾಚಬಹುದು, ಊಟದ ಗಾಡಿ ಬರುವಾಗ ಮಾತ್ರ ಎಳೆದುಕೊಳ್ಳಬೇಕು.

ಸಾಲಿನ ವಿಷಯದಲ್ಲಿ ಮೋಸ ಹೋಗುವುದು ಮುಂದಿನ ಗೋಡೆಯ ಹತ್ತಿರ. ಕಾಲಿಗೆ ಜಾಗ ಇರುತ್ತದೆ, ಆದರೆ ಊಟದ ಹಲಗೆ ಕೈಯಾನಿಕೆಯೊಳಗೆ ಮಡಚಿರುವುದರಿಂದ ಆನಿಕೆ ಮೇಲಕ್ಕೇಳುವುದಿಲ್ಲ, ಸೀಟೂ ಆ ಮಟ್ಟಿಗೆ ಕಿರಿದು. ಕೂಸಿನ ತೊಟ್ಟಿಲು ಕಟ್ಟುವುದೂ ಅಲ್ಲೇ. ತುರ್ತುಬಾಗಿಲಿನ ಕಿಟಕಿ ಸೀಟಿನಲ್ಲಿ ಬಾಗಿಲಿನ ಉಬ್ಬು ಕಾಲಿಗೆ ಅಡ್ಡ ಬರಬಹುದು. ನೆಲದಲ್ಲಿ ಟಿವಿಯ ಪೆಟ್ಟಿಗೆ ಇರುವ ಸೀಟಿನಲ್ಲಿ ಒಂದು ಪಾದ ಯಾವಾಗಲೂ ಓರೆ. ವಾಕರಿಕೆ ಬರುವವರು ರೆಕ್ಕೆಯ ಮೇಲಿನ ಸಾಲು ಹಿಡಿಯಬೇಕು: ತಕ್ಕಡಿಯ ನಡುಮುಳ್ಳಿನ ಹಾಗೆ ಅಲ್ಲಿ ಅಲುಗಾಟ ಕಡಿಮೆ, ಬಾಲದಲ್ಲಿ ಹೆಚ್ಚು. ಆದರೆ 777ರಲ್ಲಿ ಗಂಡ ಹೆಂಡತಿ ಇಬ್ಬರೇ ಹೋಗುವುದಾದರೆ ನಾನು ಬಾಲದ ಕಡೆಗೇ ನೋಡುತ್ತೇನೆ. ಮೈ ಸಣ್ಣದಾಗುತ್ತ ಹೋಗಿ ಕೊನೆಯ ಕೆಲವು ಸಾಲುಗಳಲ್ಲಿ ಬದಿಯ ಮೂರು ಸೀಟು ಎರಡಾಗುತ್ತದೆ. ಮೂರನೆಯವರಿಲ್ಲ, ಕಿಟಕಿಯ ಪಕ್ಕ ಚೀಲ ಇಡಲು ಜಾಗವೂ ಸಿಗುತ್ತದೆ. ಶೌಚಾಲಯದ ಸಾಲನ್ನು ಸಹಿಸಿಕೊಳ್ಳಬೇಕು.

ಸೀಟು ಹಿಡಿದರೆ ಮುಗಿಯಲಿಲ್ಲ. ಕಂಪನಿ ವಿಮಾನ ಬದಲಿಸಿದರೆ ಹೊಸ ನಕ್ಷೆಯಲ್ಲಿ ನಿಮ್ಮನ್ನು ಎಲ್ಲೋ ನಡುವೆ ಕೂರಿಸಿರುತ್ತದೆ. ತಿಂಗಳಿಗೊಮ್ಮೆ, ಮತ್ತೆ ಮೂರು ದಿನ ಮೊದಲು ತೆರೆದು ನೋಡಿ. ಹಾಗೆ ತೆರೆದಾಗ ಊಟವನ್ನೂ ನೋಡಿ: ಸಸ್ಯಾಹಾರಿಗಳು ‘ಹಿಂದೂ ಊಟ’ ಎಂದು ಗುರುತು ಹಾಕಿಬಿಡುತ್ತಾರೆ. ಆ ಎಚ್‌ಎನ್‌ಎಂಎಲ್ ಕೋಡಿನಲ್ಲಿ ದನದ ಮಾಂಸ ಇರುವುದಿಲ್ಲ, ಕೋಳಿ ಮೀನು ಇರುತ್ತದೆ. ಬೇಕಾದದ್ದು ಎವಿಎಂಎಲ್. ಈರುಳ್ಳಿ, ಬೆಳ್ಳುಳ್ಳಿ ಬೇಡದವರಿಗೆ ವಿಜೆಎಂಎಲ್.

ಮಂಗಳೂರಿನಿಂದ ಬೆಂಗಳೂರಿನ ವಿಮಾನವನ್ನೂ ಮುಂದಿನದ್ದನ್ನೂ ಒಂದೇ ಟಿಕೆಟ್ಟಿನಲ್ಲಿ ಮಾಡಿಸಿ. ಜೂನ್, ಜುಲೈಯಲ್ಲಿ ಬಜಪೆಯ ಮೇಲೆ ಮೋಡ ಕೂತರೆ ವಿಮಾನ ಇಳಿಯಲಾಗದೆ ಬೇರೆ ಊರಿಗೆ ಹೋಗುತ್ತದೆ, ಅದೇ ಮಳೆಗೆ ಶಿರಾಡಿ ಘಾಟಿಯೂ ಕುಸಿದು ಬಂದ್ ಆಗಬಹುದು. ಒಂದೇ ಟಿಕೆಟ್ ಆದರೆ ಮುಂದಿನ ವಿಮಾನ ತಪ್ಪಿದರೂ ಬೇರೆಯದರಲ್ಲಿ ಕಳಿಸುವ ಹೊಣೆ ಕಂಪನಿಯದು. ಪ್ರತ್ಯೇಕ ಟಿಕೆಟ್ ಇದ್ದರೆ ಮಳೆಗಾಲದಲ್ಲಿ ನಾನು ಹಿಂದಿನ ದಿನವೇ ಬೆಂಗಳೂರು ಸೇರುತ್ತೇನೆ. ಅಲ್ಲಿ ಅಂತಾರಾಷ್ಟ್ರೀಯ ವಿಮಾನಗಳು ಟರ್ಮಿನಲ್ 2ರಿಂದ. ಟರ್ಮಿನಲ್ 1ರಲ್ಲಿ ಇಳಿದವರು ಸಾಮಾನು ತೆಗೆದುಕೊಂಡು ಆಚೆ ಹೋಗುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಕ್ಕಳಿಗೆಂದು ಒಣಕೊಬ್ಬರಿ ತುಂಬಬೇಡಿ. ಎಣ್ಣೆಯಂಶದಿಂದ ತಾನಾಗಿ ಬಿಸಿಯೇರುವ ವಸ್ತು ಅದು, ಚೆಕ್-ಇನ್ ಪೆಟ್ಟಿಗೆಯಲ್ಲಿ ಬಿಡುವುದಿಲ್ಲ.

ಇಳಿಯುವ ಒಂದು ಗಂಟೆ ಮೊದಲು ಶೌಚಾಲಯಕ್ಕೆ ಹೋಗಿ ಬಂದು ಬೂಟಿನ ದಾರ ಸಡಿಲ ಮಾಡಿಕೊಳ್ಳಿ, ಪಾದ ಊದಿರುತ್ತದೆ. ಎ380ಯಿಂದ ಐನೂರರ ಆಸುಪಾಸು ಜನ ಒಟ್ಟಿಗೆ ಇಳಿಯುತ್ತಾರೆ, ಮುಂದಿನ ವಿಮಾನಕ್ಕೆ ಎರಡು ಗಂಟೆಯಾದರೂ ಅಂತರ ಇಟ್ಟುಕೊಳ್ಳಿ. ಅಮೆರಿಕಕ್ಕೆ ಹೋಗುವವರ ಪೆಟ್ಟಿಗೆಯ ಚೀಟಿಯಲ್ಲಿ ಕೊನೆಯ ಊರಿನ ಹೆಸರೇ ಇದ್ದರೂ ಮೊದಲು ಇಳಿದ ಊರಿನಲ್ಲಿ ಪೆಟ್ಟಿಗೆ ಎತ್ತಿಕೊಂಡು ಕಸ್ಟಮ್ಸ್ ದಾಟಿಸಿ ಮತ್ತೆ ಬೆಲ್ಟಿಗೆ ಕೊಡಬೇಕು. ಅಬುಧಾಬಿಯಂಥ ಕೆಲವು ಊರುಗಳಿಂದ ಹೋದರೆ ಅಮೆರಿಕದ ಇಮಿಗ್ರೇಶನ್ ಅಲ್ಲೇ ಮುಗಿಯುತ್ತದೆ.