ಹುಟ್ಟುಹಬ್ಬಕ್ಕೆ ಮೆಚ್ಚಿನ ರಂಗನಟರ ಭೇಟಿ

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಸಾಮಾನ್ಯವಾಗಿ ನವೆಂಬರ್ ಮೊದಲ ವಾರ ನಾಟಕೋತ್ಸವ. ನಾಟಕದ ಹುಚ್ಚಿರುವವರಿಗೆ ಅಲ್ಲಿ ಮೆಚ್ಚಿನ ನಟರನ್ನು ಭೇಟಿ ಮಾಡಿಸುವುದಕ್ಕಿಂತ ಒಳ್ಳೆಯ ಹುಟ್ಟುಹಬ್ಬದ ಉಡುಗೊರೆ ಇಲ್ಲ. ಹುಟ್ಟಿದ ದಿನವೇ ಆಗಲಿ ಎಂಬ ಹಟ ಬೇಡ. ನಟರು ಬರುವ ದಿನಕ್ಕೆ ಹಬ್ಬವನ್ನೇ ಸರಿಸಿ.

ಎರಡು ಮೂರು ವಾರ ಮೊದಲೇ ತಂಡದ ವ್ಯವಸ್ಥಾಪಕರಿಗೆ ಚಿಕ್ಕ ಸಂದೇಶ ಕಳಿಸಿ: ಯಾರ ಹುಟ್ಟುಹಬ್ಬ, ಯಾವ ಪಾತ್ರ ಮೆಚ್ಚಿದ್ದು, ಎಷ್ಟು ಜನ ಬರುತ್ತೀರಿ, ಭೇಟಿಗೆ ಐದು ನಿಮಿಷ ಸಾಕು ಎಂದು. ಹಿಂದಿನ ದಿನ ಮತ್ತೊಮ್ಮೆ ನೆನಪಿಸಿ.

ಹೆಚ್ಚಿನವರು ಎಡವುವುದು ಹೊತ್ತಿನಲ್ಲಿ. ಪ್ರದರ್ಶನಕ್ಕೆ ಮೊದಲು ಗ್ರೀನ್ ರೂಮಿಗೆ ಹೋದರೆ ನಟರ ಗಮನ ಕದಡುತ್ತದೆ, ಮಾತೂ ಸಿಗುವುದಿಲ್ಲ. ನಾಟಕ ಮುಗಿದ ಮೇಲೆ ಬಣ್ಣ ತೆಗೆದು ನೀರು ಕುಡಿಯಲು ಇಪ್ಪತ್ತು ನಿಮಿಷ ಬಿಡಿ. ಅದಕ್ಕಿಂತ ತಡವಾದರೆ ತಂಡ ಸಾಮಾನು ಕಟ್ಟಿ ಹೊರಟಿರಬಹುದು.

ಹಸ್ತಾಕ್ಷರಕ್ಕೆ ಪುಸ್ತಕವಾದರೆ ಬಾಲ್ ಪೆನ್. ನುಣುಪು ಫೋಟೋ ಮೇಲೆ ಜೆಲ್ ಶಾಯಿ ಒರೆಸಿಹೋಗುತ್ತದೆ, ಪರ್ಮನೆಂಟ್ ಮಾರ್ಕರ್ ಒಯ್ಯಿರಿ. ಹುಟ್ಟುಹಬ್ಬದವರ ಹೆಸರನ್ನು ಚೀಟಿಯಲ್ಲಿ ಬರೆದುಕೊಡಿ. ಕೇಕ್ ಮನೆಯಲ್ಲೇ ಇರಲಿ. ದಾವಣಗೆರೆಯಿಂದ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬರುವ ಉತ್ಸಾಹವೂ ಬೇಡ, ರಾತ್ರಿಯ ಹೊತ್ತಿಗೆ ಅದು ಚಕ್ಕಳ!

ವಾಪಸ್ ಬರಲು ರಾತ್ರಿ ಬಸ್ಸನ್ನು ನಂಬದೆ ಮೊದಲೇ ಗಾಡಿ ಗೊತ್ತುಮಾಡಿಕೊಳ್ಳಿ.