ಮನೆಯ ಹುಡುಗ ಗುಂಪಿನ ಮಾತನ್ನೇ ಆಡತೊಡಗಿದರೆ

ಪಕ್ಷದ ಬಾವುಟ ಕಟ್ಟಿದವರೆಲ್ಲ ಬ್ರೈನ್‌ವಾಷ್ ಆದವರಲ್ಲ. ಬಾವುಟದ ಬಣ್ಣ ಬಿಟ್ಟು ಇಷ್ಟು ನೋಡಿ: ತನ್ನ ನಾಯಕನ ಒಂದು ತಪ್ಪನ್ನಾದರೂ ಹೇಳಬಲ್ಲನೇ? ಸಭೆ ತಪ್ಪಿಸಲು ಹೆದರುತ್ತಾನೆಯೇ? ಆಚೆ ಪಕ್ಷದ ಹಳೆಯ ಗೆಳೆಯನ ಮನೆಗೆ ಈಗಲೂ ಹೋಗುತ್ತಾನೆಯೇ? ಪ್ರಶ್ನೆ ಕೇಳಿದೊಡನೆ 'ದ್ರೋಹಿ' ಎಂಬಂಥ ಸಿದ್ಧ ಪದದಿಂದ ಬಾಯಿ ಮುಚ್ಚಿಸುವುದೂ ಕೆಟ್ಟ ಗುರುತು. ಚೀನಾದಲ್ಲಿ ಕಮ್ಯುನಿಸ್ಟರು ಒತ್ತಡ ಹೇರಿ ಜನರ ನಂಬಿಕೆ ಬದಲಿಸುತ್ತಿದ್ದ 'ವಿಚಾರ ಸುಧಾರಣೆ'ಯಿಂದ ಹೊರಬಂದವರನ್ನು 1950ರ ದಶಕದಲ್ಲಿ ಹಾಂಗ್‌ಕಾಂಗ್‌ನಲ್ಲಿ ಮಾತನಾಡಿಸಿದ ಮನೋವೈದ್ಯ ರಾಬರ್ಟ್ ಲಿಫ್ಟನ್ ಇದನ್ನು ವಿಶೇಷವಾಗಿ ಗುರುತಿಸಿದ್ದರು.

ಈ ಹಿಡಿತ ಒಂದೇ ದಿನದ ಭಾಷಣದಿಂದ ಬರುವುದಿಲ್ಲ. ಮೊದಲು ಪೋಸ್ಟರ್ ಅಂಟಿಸು ಎನ್ನುತ್ತಾರೆ, ಆಮೇಲೆ ಚಂದಾ ಕೇಳುತ್ತಾರೆ, ಆಮೇಲೆ ರಾತ್ರಿ ನಿದ್ದೆ ಬಿಟ್ಟು ಬಾ ಎನ್ನುತ್ತಾರೆ, ಕೊನೆಗೆ ನೆಂಟರನ್ನೇ ಬಿಡು ಎನ್ನುತ್ತಾರೆ. ಇಷ್ಟೆಲ್ಲ ಕೊಟ್ಟವನಿಗೆ 'ನೀನು ಮೋಸಹೋದೆ' ಎಂದರೆ ಕೊಟ್ಟದ್ದೆಲ್ಲ ನೀರಲ್ಲಿ ಹೋಯಿತೆಂದು ಒಪ್ಪಬೇಕಾಗುತ್ತದೆ. ಅದಕ್ಕಿಂತ ನಿಮ್ಮ ಮೇಲೆ ರೇಗುವುದೇ ಅವನಿಗೆ ಸುಲಭ. 'ಮನೆಯವರು ಅಡ್ಡ ಬರುತ್ತಾರೆ' ಎಂದು ಗುಂಪು ಮೊದಲೇ ಹೇಳಿರುತ್ತದೆ. ನೀವು ಬೈದರೆ ಆ ಮಾತು ನಿಜವಾಯಿತು. ಹಾಗಾಗಿ ಊಟಕ್ಕೆ ಎಲ್ಲರೂ ಕೂತಿದ್ದಾಗ ವಾದ ತೆಗೆಯಬೇಡಿ, ಮೊಬೈಲು ಕಿತ್ತುಕೊಳ್ಳಬೇಡಿ.

1951ರಲ್ಲಿ ಮನೋವಿಜ್ಞಾನಿ ಸೊಲೊಮನ್ ಆಶ್ ಮಾಡಿದ ಪ್ರಯೋಗ ನೆನಪಿರಲಿ. ಗೆರೆಗಳ ಉದ್ದ ಹೇಳುವಾಗ ಸುತ್ತಲಿನವರೆಲ್ಲ ಬೇಕೆಂದೇ ತಪ್ಪು ಹೇಳಿದರೆ, ಪರೀಕ್ಷೆಗೆ ಕೂತವರ ಸುಮಾರು ಮೂರರಲ್ಲಿ ಒಂದು ಉತ್ತರ ಆ ತಪ್ಪಿನಂತೆಯೇ ಬರುತ್ತಿತ್ತು. ಆದರೆ ಒಬ್ಬನೇ ಒಬ್ಬ ಸರಿಯಾಗಿ ಹೇಳಿದರೂ ಸಾಕು, ಆ ಹಿಡಿತ ಬಹಳ ಸಡಿಲವಾಗುತ್ತಿತ್ತು. ಆ ಒಬ್ಬರು ನೀವಾಗಿ. ಅಂಗಳದಲ್ಲಿ ಅಡಿಕೆ ಸುಲಿಯುವ ಹೊತ್ತು ಒಳ್ಳೆಯದು: ಕೈಗೆ ಕೆಲಸ ಇರುತ್ತದೆ, ಮುಖ ಮುಖ ನೋಡಬೇಕಾಗಿಲ್ಲ. 'ಇದನ್ನು ನೇರ ಕಂಡವರು ಯಾರು? ಏನು ಕಂಡರೆ ಇದು ತಪ್ಪೆಂದು ಒಪ್ಪುತ್ತೀ?' ಒಂದು ಸಲಕ್ಕೆ ಒಂದೇ ಪ್ರಶ್ನೆ. ಉತ್ತರ ಬಾರದಿದ್ದರೆ ಒತ್ತಾಯ ಬೇಡ, ಆ ಪ್ರಶ್ನೆ ಅವನಲ್ಲೇ ಇರಲಿ.

ಕಾಸರಗೋಡಿನವರಿಗೆ ಇನ್ನೊಂದು ಅನುಕೂಲವಿದೆ. ಒಂದೇ ಘಟನೆಯನ್ನು ಕನ್ನಡ ಪತ್ರಿಕೆಯಲ್ಲೂ ಮಲಯಾಳ ಪತ್ರಿಕೆಯಲ್ಲೂ ಅವನ ಜತೆ ಕೂತು ಓದಿ. ಹೆಸರು, ಸಂಖ್ಯೆ, ಹೇಳಿದವರು ಯಾರು ಎಂಬುದನ್ನು ಮಾತ್ರ ಗೆರೆ ಎಳೆದು ಹೋಲಿಸಿ. ಒಂದರಲ್ಲಷ್ಟೇ ಇರುವುದರ ಬಗ್ಗೆ ಮಾತಾಡಿ. ವಾಟ್ಸಾಪ್ ಸುಳ್ಳನ್ನು ಅಲ್ಲಗಳೆಯಲೆಂದು ಅದನ್ನೇ ಮತ್ತೆ ಮತ್ತೆ ಹೇಳಬೇಡಿ, ಪದೇ ಪದೇ ಕೇಳಿದ್ದು ನಿಜವೆನಿಸತೊಡಗುತ್ತದೆ. ನಿಜ ಸಂಗತಿಯನ್ನೇ ಮೊದಲು ಹೇಳಿ.

ಕೋಲ, ಮದುವೆ, ಯಕ್ಷಗಾನಕ್ಕೆ ಕರೆಯುವುದನ್ನು ನಿಲ್ಲಿಸಬೇಡಿ, ಮರಳುವ ದಾರಿ ತೆರೆದೇ ಇರಲಿ. ಕೊರಿಯಾ ಯುದ್ಧದ ಬಂಧನ ಶಿಬಿರಗಳಲ್ಲಿ ಮನಸ್ಸು ಬದಲಿಸಲು ಅಷ್ಟೆಲ್ಲ ಒತ್ತಡವಿದ್ದರೂ ಕೊನೆಗೆ ತಾಯ್ನಾಡಿಗೆ ಮರಳಲು ಒಪ್ಪದ ಅಮೆರಿಕನ್ ಸೈನಿಕರು 21 ಮಂದಿ ಮಾತ್ರ. ಸಾವಿರಾರು ಮಂದಿ ಮರಳಿದರು. ಆದರೆ ಆಯುಧ, ಹೊಡೆದಾಟದ ಮಾತು ಬಂದರೆ ಈ ತಾಳ್ಮೆ ಸಾಲದು, ಪೊಲೀಸರಿಗೆ ತಿಳಿಸಲೇಬೇಕು.

ಅವನು ಹೊರಬಂದ ಮೇಲೆ 'ನಾನು ಆಗಲೇ ಹೇಳಿರಲಿಲ್ಲವೇ' ಎನ್ನಬೇಡಿ. ಗುಂಪು ತುಂಬಿದ್ದ ಸಂಜೆಗಳು ಈಗ ಖಾಲಿಯಾಗಿರುತ್ತವೆ. ಮರುದಿನದಿಂದಲೇ ವಾಚನಾಲಯದ ಬೀಗದ ಕೈಯೋ, ಕಬಡ್ಡಿ ತಂಡದ ಹೊಣೆಯೋ ಅವನಿಗೆ ಸಿಗುವಂತೆ ನೋಡಿಕೊಳ್ಳಿ.